ಕೊನೆಯ ತಪಾಸಣೆ ಕೊಂಡವರ ಕೈಯಲ್ಲಿ: ಪಿಸ್ತೂಲುಗಳ ಗುಣಮಟ್ಟ ಎಲ್ಲಿ ಕೈಕೊಡುತ್ತಿದೆ?

ಪಿಸ್ತೂಲಿನಿಂದ ಯಾರೂ ಹೆಚ್ಚೇನೂ ಕೇಳುವುದಿಲ್ಲ. ಟ್ರಿಗರ್ ಎಳೆದಾಗ ಗುಂಡು ಹಾರಬೇಕು, ಎಳೆಯದಿದ್ದಾಗ ಹಾರಬಾರದು. ಕೇಳೋಕೆ ಎಷ್ಟು ಸುಲಭ ಅಲ್ವಾ? ಆದರೆ ಲಕ್ಷಗಟ್ಟಲೆ ಪಿಸ್ತೂಲುಗಳು ಬೆವರು, ಧೂಳು, ಎಣ್ಣೆ ಜಿಡ್ಡಿನ ನಡುವೆ ವರ್ಷಗಟ್ಟಲೆ ಹೀಗೇ ನಡೆದುಕೊಳ್ಳಬೇಕು ಅಂದರೆ ಅದು ದೊಡ್ಡ ಕಾರ್ಖಾನೆಗಳಿಗೂ ಬೆವರಿಳಿಸುವ ಕೆಲಸ. ಅಮೆರಿಕದಲ್ಲಿ ಕಳೆದ ಹತ್ತು ಹನ್ನೆರಡು ವರ್ಷಗಳಿಂದ ಇದರ ಮೇಲೆ ಜಗಳ, ಕೋರ್ಟು, ಪರಿಹಾರ ನಡೆದೇ ಇದೆ.

2025ರ ಜುಲೈ 20ರ ಘಟನೆಯಿಂದಲೇ ಶುರು ಮಾಡೋಣ. ವಯೋಮಿಂಗ್ ರಾಜ್ಯದ ಎಫ್.ಇ. ವಾರೆನ್ ವಾಯುನೆಲೆಯಲ್ಲಿ ಒಬ್ಬ ವಾಯುಪಡೆ ಯೋಧ ಎಂ18 ಪಿಸ್ತೂಲಿನ ಗುಂಡಿಗೆ ಬಲಿಯಾದರು. ಎಂ18 ಅಂದರೆ ಸಿಗ್ ಸಾವರ್ ಕಂಪನಿಯ ಪಿ320 ಪಿಸ್ತೂಲಿನ ಸೇನಾ ರೂಪ. ಪಿ320 'ತಾನಾಗಿಯೇ ಹಾರುತ್ತದೆ' ಎಂಬ ದೂರು ಅಷ್ಟರಲ್ಲಾಗಲೇ ಹಲವು ವರ್ಷ ಹಳೆಯದು. ಹಾಗಾಗಿ ಆ ನೆಲೆಯನ್ನು ನೋಡಿಕೊಳ್ಳುವ ಗ್ಲೋಬಲ್ ಸ್ಟ್ರೈಕ್ ಕಮಾಂಡ್ ಕೂಡಲೇ ಎಂ18 ಬಳಕೆ ನಿಲ್ಲಿಸಿತು. 'ನೋಡಿದಿರಾ, ಮತ್ತೆ ಹಾರಿತು' ಎಂದು ವಿರೋಧಿಗಳು ಕೂಗಿದರು. ಕೆಲವೇ ವಾರಗಳಲ್ಲಿ ಕಥೆ ತಿರುಗಿತು. ಸುಳ್ಳು ಹೇಳಿಕೆ ಮತ್ತು ಉದ್ದೇಶವಿಲ್ಲದ ನರಹತ್ಯೆಯ ಆರೋಪದಲ್ಲಿ ಇನ್ನೊಬ್ಬ ಯೋಧನ ಬಂಧನವಾಯಿತು. ಪಿಸ್ತೂಲು ಸೇವೆಗೆ ಮರಳಿತು. ಈ ಸಲ ಕೂಗುವ ಸರದಿ ಕಂಪನಿಯ ಅಭಿಮಾನಿಗಳದ್ದು.

ಈ ಗದ್ದಲದ ಮಧ್ಯೆ ಒಂದು ಸಂಖ್ಯೆ ಯಾರ ಕಣ್ಣಿಗೂ ಬೀಳದೆ ಜಾರಿಹೋಯಿತು. ಬಳಕೆ ನಿಲ್ಲಿಸಿದ್ದ ಆ ದಿನಗಳಲ್ಲಿ ಕಮಾಂಡ್ ತನ್ನ 7,970 ಎಂ18ಗಳನ್ನೂ ಬಿಚ್ಚಿ ನೋಡಿತ್ತು. ಅವುಗಳಲ್ಲಿ 191ರಲ್ಲಿ ಕಣ್ಣಿಗೆ ಕಾಣುವಂಥ ಕೊರತೆ ಇತ್ತು. ಹೆಚ್ಚಿನವು ಸವೆತ. ಸೇಫ್ಟಿ ಲಿವರ್, ಸ್ಟ್ರೈಕರ್ (ತೋಟಾಕ್ಕೆ ಬಡಿದು ಗುಂಡು ಹಾರಿಸುವ ಮೊಳೆ), ಸಿಯರ್ (ಟ್ರಿಗರ್ ಎಳೆಯುವವರೆಗೆ ಆ ಮೊಳೆಯನ್ನು ತಡೆದಿಡುವ ಕೊಂಡಿ) ಭಾಗಗಳದ್ದೇ ಜಾಸ್ತಿ. ಹತ್ತಿರ ಹತ್ತಿರ 42ಕ್ಕೆ ಒಂದು. ಆ ಸಾವಿಗೂ ಈ 191ಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಆದರೆ ಯಾರೋ ಕೂತು ಒಂದೊಂದನ್ನೂ ಬಿಚ್ಚಿ ನೋಡಿದ್ದಕ್ಕೆ ಅವು ಸಿಕ್ಕವು. ಅಂಗಡಿಯಲ್ಲಿ ಕೊಂಡು ಮನೆಗೆ ಒಯ್ದ ಪಿಸ್ತೂಲನ್ನು ಹಾಗೆ ಬಿಚ್ಚಿ ನೋಡುವವರು ಯಾರು? ನನಗೆ ಈ ಇಡೀ ವಿಷಯದಲ್ಲಿ ಕೊರೆಯುವ ಪ್ರಶ್ನೆ ಇದೊಂದೇ.

ಮೊದಲು ಸಣ್ಣ ತೊಂದರೆಯನ್ನು ನೋಡೋಣ. ಅಂದರೆ ಹಾರಬೇಕಾದಾಗ ಹಾರದಿರುವುದು.

ಅರೆ ಸ್ವಯಂಚಾಲಿತ ಪಿಸ್ತೂಲಿನಲ್ಲಿ ಒಂದು ಗುಂಡು ಹಾರಿದಾಗ, ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಏಳೆಂಟು ಕೆಲಸ ಮುಗಿಯಬೇಕು. ಪಿಸ್ತೂಲಿನ ಮೇಲ್ಭಾಗ, ಅಂದರೆ ಸ್ಲೈಡ್, ಹಿಂದಕ್ಕೆ ಓಡುತ್ತದೆ. ಎಕ್ಸ್‌ಟ್ರಾಕ್ಟರ್ ಎಂಬ ಉಗುರಿನಷ್ಟು ಸಣ್ಣ ಕೊಕ್ಕೆ ಖಾಲಿ ತೋಟಾದ ಅಂಚು ಹಿಡಿದು ಎಳೆಯುತ್ತದೆ. ಎಜೆಕ್ಟರ್ ಅದನ್ನು ತಟ್ಟಿ ಹೊರಗೆ ಹಾರಿಸುತ್ತದೆ. ಮ್ಯಾಗಜೀನ್ ಒಳಗಿನ ಸ್ಪ್ರಿಂಗ್ ಹೊಸ ತೋಟಾವನ್ನು ಮೇಲೆ ತಳ್ಳುತ್ತದೆ. ಸ್ಲೈಡ್ ಮುಂದೆ ಬರುತ್ತಾ ಅದನ್ನು ಬ್ಯಾರೆಲ್‌ಗೆ ನೂಕಿ ಬೀಗ ಹಾಕಿಕೊಳ್ಳುತ್ತದೆ. ಇದರಲ್ಲಿ ಯಾವುದೇ ಒಂದು ಹೆಜ್ಜೆ ತುಸು ತಡವಾದರೂ ಸಿಕ್ಕಿಕೊಳ್ಳುತ್ತದೆ. ಕೊಕ್ಕೆಯ ಹಿಡಿತ ಸಡಿಲವಾಯಿತು ಅಂದುಕೊಳ್ಳಿ. ಖಾಲಿ ತೋಟಾ ಪೂರ್ತಿ ಹೊರಬರುವಷ್ಟರಲ್ಲಿ ಸ್ಲೈಡ್ ಮುಚ್ಚಿಕೊಳ್ಳುತ್ತದೆ. ಹಿತ್ತಾಳೆಯ ಆ ಕೊಳವೆ ಒಲೆಯ ಹೊಗೆಗೂಡಿನ ಹಾಗೆ ಮೇಲಕ್ಕೆ ನೆಟ್ಟಗೆ ನಿಂತುಬಿಡುತ್ತದೆ. ಬಳಸುವವರು ಇದಕ್ಕೆ 'ಸ್ಟೋವ್‌ಪೈಪ್' ಅಂತಲೇ ಹೆಸರಿಟ್ಟಿದ್ದಾರೆ.

ತಪ್ಪು ಎಲ್ಲಿಂದ ಬರುತ್ತದೆ? ಅನುಭವಸ್ಥರು ಮೊದಲು ಕೈ ಹಾಕುವುದು ಮ್ಯಾಗಜೀನ್‌ಗೆ. ಬಗ್ಗಿಸಿದ ತಗಡಿನ ಡಬ್ಬಿ, ಒಂದು ಸ್ಪ್ರಿಂಗ್, ಮೇಲೆ ಎರಡು ತುಟಿಗಳು. ಆ ತುಟಿಗಳು ಒಂದಿಷ್ಟು ಅಗಲವಾದರೆ ತೋಟಾ ಬೇಗ ಜಿಗಿಯುತ್ತದೆ, ಕಿರಿದಾದರೆ ಹೊರಗೇ ಬರುವುದಿಲ್ಲ. ಇರಾಕ್‌ನಲ್ಲಿ ಅಮೆರಿಕದ ಸೈನಿಕರು ತಮ್ಮ ಬೆರೆಟ್ಟಾ ಎಂ9 ಪಿಸ್ತೂಲನ್ನು ಬೈದದ್ದು ಬೈದದ್ದೇ. ಕೊನೆಗೆ ನೋಡಿದರೆ ಬಹುಪಾಲು ತಪ್ಪು ಮ್ಯಾಗಜೀನ್‌ನ ಒರಟು ಫಾಸ್ಫೇಟ್ ಲೇಪದ್ದು. ಅಲ್ಲಿಯ ನುಣ್ಣನೆ ಮರಳು ಅದಕ್ಕೆ ಅಂಟಿ ತೋಟಾಗಳು ಮೇಲೇರುತ್ತಿರಲಿಲ್ಲ. ತಮಾಷೆ ಏನೆಂದರೆ, ಆ ಲೇಪ ಬೇಕೆಂದು ಬರೆದುಕೊಟ್ಟಿದ್ದು ಕೊಳ್ಳುವ ಸೇನೆಯೇ. ನಯವಾದ ಲೇಪಕ್ಕೆ ಬದಲಾಯಿಸಿದ ಮೇಲೆ ದೂರು ತಗ್ಗಿತು.

ಇನ್ನು ಕಾರ್ಖಾನೆಯದೇ ತಪ್ಪುಗಳು. ಈಗ ಸಿಯರ್, ಹ್ಯಾಮರ್, ಎಕ್ಸ್‌ಟ್ರಾಕ್ಟರ್‌ನಂಥ ಸಣ್ಣ ಭಾಗಗಳನ್ನು ಎಷ್ಟೋ ಕಡೆ ಎಂಐಎಂ (ಮೆಟಲ್ ಇಂಜೆಕ್ಷನ್ ಮೋಲ್ಡಿಂಗ್) ಎಂಬ ವಿಧಾನದಲ್ಲಿ ಮಾಡುತ್ತಾರೆ. ಹಿಟ್ಟಿನಂಥ ಲೋಹದ ಪುಡಿಯನ್ನು ಅಂಟಿನ ಜೊತೆ ಕಲಸಿ ಅಚ್ಚಿಗೆ ನೂಕುತ್ತಾರೆ. ಆಮೇಲೆ ಅಂಟು ತೆಗೆದು ಕುಲುಮೆಯಲ್ಲಿ ಕಾಯಿಸುತ್ತಾರೆ. ಕಾದಾಗ ಭಾಗ ಶೇ. 15ರಿಂದ 20ರಷ್ಟು ಕುಗ್ಗುತ್ತದೆ. ಹಾಗೆ ಕುಗ್ಗುವಾಗಲೂ ಅಳತೆ ತಪ್ಪಬಾರದು. ಎಂಐಎಂ ಅಂದರೆ ಕಳಪೆ ಎಂದು ಹಳಬರು ಮೂಗು ಮುರಿಯುತ್ತಾರೆ. ಅದು ಪೂರ್ತಿ ನ್ಯಾಯವಲ್ಲ. ಸರಿಯಾಗಿ ಮಾಡಿದ ಎಂಐಎಂ ಭಾಗ ಹತ್ತಾರು ಸಾವಿರ ಗುಂಡು ತಾಳುತ್ತದೆ. ತೊಂದರೆ ಏನೆಂದರೆ, ಒಳಗೆ ಗಾಳಿಗುಳ್ಳೆ ಉಳಿದಿದ್ದರೂ ಹೊರಗಿನಿಂದ ಭಾಗ ಅಷ್ಟೇ ಚೆಂದ ಕಾಣುತ್ತದೆ. ಎಕ್ಸ್‌ರೇ ಹಿಡಿಯಬೇಕು, ಇಲ್ಲವೇ ಕೆಲವನ್ನು ಮುರಿದು ನೋಡಬೇಕು. ಎರಡಕ್ಕೂ ಸಮಯ, ದುಡ್ಡು ಬೇಕು.

ಇದಕ್ಕಿಂತ ಕಳ್ಳ ತಪ್ಪು ಇನ್ನೊಂದಿದೆ. ಪ್ರತಿ ಭಾಗವೂ ತನ್ನ ಮಿತಿಯೊಳಗೇ ಇರುತ್ತದೆ. ಆದರೆ ಒಂದು ಪಿಸ್ತೂಲಿನಲ್ಲಿ ಎಲ್ಲವೂ ಮಿತಿಯ ಒಂದೇ ಅಂಚಿಗೆ ಬಂದು ಕೂತಿರುತ್ತವೆ. ಭಾಗ ಭಾಗ ಪಾಸು, ಒಟ್ಟು ಪಿಸ್ತೂಲು ಫೇಲು. ಜೋಡಿಸುವ ಕೈ ಅದನ್ನು ಹಿಡಿಯಬೇಕು. ತಿಂಗಳ ಗುರಿ ತಲೆಯ ಮೇಲೆ ಕೂತಿದ್ದರೆ ಆ ಕೈ ಹಿಡಿಯುತ್ತದಾ?

ಮಾದರಿ ಪಿಸ್ತೂಲಿಗೂ ಸಾಲಾಗಿ ತಯಾರಾಗುವ ಪಿಸ್ತೂಲಿಗೂ ಎಷ್ಟು ದೂರ ಎಂಬುದನ್ನು ರೆಮಿಂಗ್ಟನ್ ಕಂಪನಿಯ ಆರ್51 ಚೆನ್ನಾಗಿ ತೋರಿಸಿತು. 2014ರಲ್ಲಿ ಅದು ಬಂದಾಗ, ಪತ್ರಕರ್ತರಿಗೆ ಕೊಟ್ಟಿದ್ದ ಮಾದರಿಗಳು ಸೊಗಸಾಗಿ ಓಡಿದ್ದವು. ಅಂಗಡಿಗೆ ಬಂದವು ಕೈಕೊಟ್ಟವು. ಕೆಲವೇ ತಿಂಗಳಲ್ಲಿ ತಯಾರಿಕೆ ನಿಂತಿತು. ಮಾದರಿಯಿಂದ ದೊಡ್ಡ ಪ್ರಮಾಣದ ತಯಾರಿಕೆಗೆ ಹೋಗುವಾಗ ತೊಡಕಾಯಿತು ಎಂದು ಕಂಪನಿಯೇ ಒಪ್ಪಿಕೊಂಡು, ಕೊಂಡವರಿಗೆ ಬದಲಿ ಕೊಡುತ್ತೇವೆ ಎಂದಿತು. ತಿದ್ದಿದ ಆರ್51 ಮತ್ತೆ ಮಾರುಕಟ್ಟೆಗೆ ಬಂದದ್ದು 2016ರಲ್ಲಿ. ಅಷ್ಟರಲ್ಲಿ ಅದರ ಹೆಸರು ಕೆಟ್ಟಿತ್ತು.

ಹೊಸ ಪಿಸ್ತೂಲು ಸಿಕ್ಕಿಕೊಂಡರೆ ಕೊಂಡವರಿಗೆ ಮೊದಲು ಸಿಗುವ ಉತ್ತರ: 'ಇನ್ನೂ ಪಳಗಿಲ್ಲ, ಇನ್ನೂರು ಮುನ್ನೂರು ಗುಂಡು ಹಾರಿಸಿ, ಸರಿಹೋಗುತ್ತೆ.' ಎರಡನೇ ಉತ್ತರ: 'ನೀವು ಮಣಿಕಟ್ಟು ಸಡಿಲ ಬಿಟ್ಟಿದ್ದೀರಿ.' ಎರಡರಲ್ಲೂ ಸ್ವಲ್ಪ ನಿಜವಿದೆ. ಹೊಸ ಸ್ಪ್ರಿಂಗ್ ಬಿಗಿಯಾಗಿರುತ್ತದೆ. ಕೈ ಗಟ್ಟಿಯಾಗಿ ಹಿಡಿಯದಿದ್ದರೆ ಸ್ಲೈಡ್ ಪೂರ್ತಿ ಹಿಂದೆ ಹೋಗುವುದಿಲ್ಲ. ಆದರೂ ನನಗೆ ಅನ್ನಿಸುವುದು ಇಷ್ಟು: ಕಾರ್ಖಾನೆ ಮಾಡಬೇಕಾದ ಕೊನೆಯ ಪರೀಕ್ಷೆಯನ್ನು ಕೊಂಡವರ ಗುಂಡಿನ ಖರ್ಚಿನಲ್ಲಿ ಮಾಡಿಸುವುದಕ್ಕೆ 'ಪಳಗಿಸುವುದು' ಎಂಬ ಮುದ್ದಾದ ಹೆಸರು.

ಆ ಪರೀಕ್ಷೆಯಿಂದ ತಿಳಿಯುವುದಾದರೂ ಎಷ್ಟು? ಇದಕ್ಕೊಂದು ಸುಲಭ ಲೆಕ್ಕವಿದೆ. ಒಂದೂ ತಪ್ಪಿಲ್ಲದೆ ನೀವು ಎಷ್ಟು ಗುಂಡು ಹಾರಿಸಿದಿರೋ ಆ ಸಂಖ್ಯೆಯಿಂದ ಮೂರನ್ನು ಭಾಗಿಸಿ. ತಪ್ಪಿನ ನಿಜವಾದ ಪ್ರಮಾಣ ಅದಕ್ಕಿಂತ ಕಡಿಮೆ ಎಂದು ಶೇ. 95ರಷ್ಟು ಭರವಸೆಯಿಂದ ಹೇಳಬಹುದು. 200 ಗುಂಡು ನಿರಾತಂಕವಾಗಿ ಹಾರಿದರೆ ಬರುವ ಉತ್ತರ ಶೇ. 1.5. ಅಂದರೆ ಸುಮಾರು 67 ಗುಂಡಿಗೆ ಒಮ್ಮೆ ಸಿಕ್ಕಿಕೊಳ್ಳುವ ಪಿಸ್ತೂಲು ಕೂಡ ಅದೃಷ್ಟದಿಂದ ಈ ಪರೀಕ್ಷೆ ದಾಟಿಬಿಡಬಹುದು. ಇನ್ನು ಕಾರ್ಖಾನೆಯಲ್ಲಿ ಬರೀ ಎರಡು ಗುಂಡು ಹಾರಿಸಿ ಡಬ್ಬಿಗೆ ಹಾಕಿದರು ಅನ್ನಿ. ಹತ್ತಕ್ಕೊಂದು ಸಲ ಕೈಕೊಡುವ ಕೆಟ್ಟ ಪಿಸ್ತೂಲೂ ನೂರಕ್ಕೆ 81 ಸಲ ಅದರಲ್ಲಿ ಪಾಸು!

2,000 ಗುಂಡಿಗೆ ಒಂದಕ್ಕಿಂತ ಹೆಚ್ಚು ತಪ್ಪಿಲ್ಲ ಎಂದು ಇದೇ ಲೆಕ್ಕದಲ್ಲಿ ತೋರಿಸಬೇಕಾದರೆ 6,000 ಗುಂಡು ಬೇಕು. ಈ ಸಂಖ್ಯೆಗೊಂದು ಹಳೆಯ ನಂಟಿದೆ. 1911ರ ಮಾರ್ಚ್‌ನಲ್ಲಿ ಅಮೆರಿಕದ ಸೇನೆ ಕೋಲ್ಟ್ ಪಿಸ್ತೂಲನ್ನು ಪರೀಕ್ಷಿಸಿದಾಗ ಒಂದೇ ಪಿಸ್ತೂಲಿನಿಂದ ಹಾರಿಸಿದ್ದು ಸರಿಯಾಗಿ 6,000 ಗುಂಡು. ನೂರು ಗುಂಡಿಗೊಮ್ಮೆ ಆರಲು ಬಿಡುತ್ತಿದ್ದರು. ಸಾವಿರಕ್ಕೊಮ್ಮೆ ಒರೆಸಿ ಎಣ್ಣೆ ಹಾಕುತ್ತಿದ್ದರು. ಜಾನ್ ಬ್ರೌನಿಂಗ್ ರೂಪಿಸಿದ ಆ ಪಿಸ್ತೂಲು ಒಮ್ಮೆಯೂ ನಿಲ್ಲಲಿಲ್ಲ. ಅದೇ ವರ್ಷ ಸೇನೆ ಸೇರಿತು. ನೂರು ವರ್ಷದ ಮೇಲೆ ಎಂ18 ಮತ್ತು ಅದರ ದೊಡ್ಡಣ್ಣ ಎಂ17 ಕೊಳ್ಳುವಾಗ ಸೇನೆ ಕೇಳಿದ್ದೂ ಸರಾಸರಿ 2,000 ಗುಂಡಿಗೆ ಒಂದು ಅಡಚಣೆ. ಆದರೆ 2018ರ ಜನವರಿಯಲ್ಲಿ ಹೊರಬಂದ ಪೆಂಟಗನ್‌ನ ಪರೀಕ್ಷಾ ವರದಿಯ ಪ್ರಕಾರ, ಸಾಮಾನ್ಯ ಗುಂಡು ಹಾಕಿದಾಗ ಎರಡೂ ಆ ಮಟ್ಟ ಮುಟ್ಟಲಿಲ್ಲ. ಅಡಚಣೆಗಳಲ್ಲಿ ದೊಡ್ಡ ಪಾಲು ಒಂದೇ ಬಗೆಯದು: ಗುಂಡು ಮುಗಿದ ಮೇಲೆ ಸ್ಲೈಡ್ ಹಿಂದೆ ನಿಲ್ಲಬೇಕು, ನಿಲ್ಲುತ್ತಿರಲಿಲ್ಲ. ಎತ್ತರಕ್ಕೆ ಹಿಡಿಯುವವರ ಹೆಬ್ಬೆರಳು, ಸ್ಲೈಡನ್ನು ಹಿಂದೆ ತಡೆದು ನಿಲ್ಲಿಸುವ ಸ್ಲೈಡ್ ಸ್ಟಾಪ್ ಲಿವರ್ ಮೇಲೆ ಕೂರುತ್ತಿತ್ತು. ಇದು ಬಳಸುವವರ ತಪ್ಪೇ? ಹೆಬ್ಬೆರಳು ಸಹಜವಾಗಿ ಹೋಗಿ ಕೂರುವ ಜಾಗದಲ್ಲೇ ಲಿವರ್ ಇಟ್ಟರೆ ಅದನ್ನು ವಿನ್ಯಾಸದ ತಪ್ಪು ಎನ್ನಬೇಕಾಗುತ್ತದೆ.

ಇಷ್ಟೆಲ್ಲ ಆದರೂ ಸಿಕ್ಕಿಕೊಳ್ಳುವ ಪಿಸ್ತೂಲು ಒಂದು ಅರ್ಥದಲ್ಲಿ ಪ್ರಾಮಾಣಿಕ. ತನ್ನ ತಪ್ಪನ್ನು ನಿಮ್ಮೆದುರೇ ತೋರಿಸುತ್ತದೆ. ಎರಡನೇ ಬಗೆಯ ತಪ್ಪು, ಎಳೆಯದೆ ಹಾರುವುದು, ಹಾಗಲ್ಲ. ಐದು ಸಾವಿರ ಗುಂಡು ಹಾರಿಸಿದರೂ ಅದು ಕಾಣಿಸಿಕೊಳ್ಳುವುದಿಲ್ಲ. ಒಂದು ದಿನ ಒಂದು ಕೋನದಲ್ಲಿ ಕೆಳಗೆ ಬಿದ್ದಾಗ ಕಾಣಿಸಿಕೊಳ್ಳುತ್ತದೆ.

ಪಿ320 ವಿಷಯದಲ್ಲಿ ಆಗಿದ್ದು ಇದೇ. 2014ರಲ್ಲಿ ಬಂದ ಈ ಪಿಸ್ತೂಲು 2017ರ ಜನವರಿಯಲ್ಲಿ ಸೇನೆಯ ಗುತ್ತಿಗೆ ಗೆದ್ದಿತು. ಗುತ್ತಿಗೆಯ ಮೊತ್ತ 58 ಕೋಟಿ ಡಾಲರ್‌ವರೆಗೆ. ಅದೇ ವರ್ಷದ ಆಗಸ್ಟ್‌ನಲ್ಲಿ ಡಲ್ಲಾಸ್ ಪೊಲೀಸರು ಇದರ ಬಳಕೆ ನಿಲ್ಲಿಸಿದರು. ಸ್ಲೈಡಿನ ಹಿಂಭಾಗ ಓರೆಯಾಗಿ ನೆಲಕ್ಕೆ ಬಡಿದಾಗ ಗುಂಡು ಹಾರುವ ವಿಡಿಯೋಗಳು ಬಂದವು. ಕಾರಣ ಸರಳ ಭೌತಶಾಸ್ತ್ರ. ಪಿಸ್ತೂಲು ನೆಲಕ್ಕೆ ಬಡಿದು ತಟ್ಟನೆ ನಿಲ್ಲುತ್ತದೆ, ತೂಕದ ಟ್ರಿಗರ್ ಮಾತ್ರ ತನ್ನ ವೇಗದಲ್ಲೇ ಹಿಂದೆ ಚಲಿಸುತ್ತದೆ. ಬೆರಳು ಎಳೆದಿದ್ದಕ್ಕೂ ಇದಕ್ಕೂ ಒಳಗಿನ ಯಂತ್ರಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಗ್ಲಾಕ್ ಪಿಸ್ತೂಲಿನ ಟ್ರಿಗರ್ ನಡುವೆ ಒಂದು ಪುಟ್ಟ ನಾಲಗೆ ಇರುತ್ತದಲ್ಲ, ಬೆರಳು ಅದನ್ನು ಒತ್ತದ ಹೊರತು ಟ್ರಿಗರ್ ಹಿಂದೆ ಹೋಗುವುದಿಲ್ಲ. ಪಿ320ರಲ್ಲಿ ಅದಿರಲಿಲ್ಲ.

ಕಂಪನಿ ಹೇಳಿದ್ದು: ನಮ್ಮ ಪಿಸ್ತೂಲು ಅಮೆರಿಕದ ಎಲ್ಲ ಮಾನದಂಡ ದಾಟಿದೆ. ಅದು ಸುಳ್ಳಲ್ಲ. ಮಾನದಂಡದ ಪರೀಕ್ಷೆಗಳಲ್ಲಿ ಆ ಓರೆ ಕೋನವೇ ಇರಲಿಲ್ಲ! ಆಮೇಲೆ ಹಗುರವಾದ ಟ್ರಿಗರ್, ಸಿಯರ್, ಸ್ಟ್ರೈಕರ್, ಜೊತೆಗೊಂದು ಡಿಸ್‌ಕನೆಕ್ಟರ್ (ಸ್ಲೈಡ್ ಪೂರ್ತಿ ಮುಚ್ಚದಿದ್ದಾಗ ಗುಂಡು ಹಾರದಂತೆ ತಡೆಯುವ ಭಾಗ) ಹಾಕಿಕೊಡುವ ಯೋಜನೆ ಬಂತು. ಹೆಸರು 'ಸ್ವಯಂಪ್ರೇರಿತ ಅಪ್‌ಗ್ರೇಡ್'. ರೀಕಾಲ್, ಅಂದರೆ ಮಾರಿದ್ದನ್ನು ವಾಪಸ್ ಕರೆಯುವುದು, ಎಂಬ ಮಾತು ಎಲ್ಲೂ ಇಲ್ಲ. ನನ್ನ ಕಣ್ಣಿಗೆ ಇದಕ್ಕಿಂತ ದೊಡ್ಡ ಸಂಗತಿ ಬೇರೆಯಿದೆ. ಸೇನೆ ತನ್ನ ಬೀಳಿಸುವ ಪರೀಕ್ಷೆಯಲ್ಲಿ ಈ ದೋಷ ಹಿಡಿದು, ಹಗುರ ಭಾಗ ಹಾಕಿಸಿಕೊಂಡಿತ್ತು. ಅಂಗಡಿಯಲ್ಲಿದ್ದ ಪಿಸ್ತೂಲಿಗೆ ಅದೇ ಭಾಗ ಬಂದದ್ದು ವಿಡಿಯೋ ಹರಡಿದ ಮೇಲೆ. ಬೇಕೆಂದು ಕೇಳುವ, ಕೇಳಿ ಪರೀಕ್ಷಿಸುವ ಗಿರಾಕಿಗೆ ಒಂದು ನ್ಯಾಯ, ಸುಮ್ನೆ ನಂಬಿ ಕೊಂಡವರಿಗೆ ಇನ್ನೊಂದು.

ಬೀಳಿಸಿದಾಗಿನ ದೋಷ ತಿದ್ದಿದ ಮೇಲೂ, ಒರೆಯಲ್ಲಿದ್ದಾಗಲೇ ಹಾರಿತು ಎಂಬ ದೂರುಗಳು ನಿಲ್ಲಲಿಲ್ಲ. ಟ್ರಿಗರ್ ಎಳೆಯದೆ ಪಿ320 ಹಾರುವುದಿಲ್ಲ ಎಂಬುದು ಕಂಪನಿಯ ಖಡಾಖಂಡಿತ ನಿಲುವು. ಕೋರ್ಟುಗಳಲ್ಲಿ ಫಲಿತಾಂಶ ಬೆರಕೆ. ಕೆಲವು ದಾವೆ ಬಿದ್ದುಹೋದವು. 2024ರ ಜೂನ್‌ನಲ್ಲಿ ಜಾರ್ಜಿಯಾದ ಜ್ಯೂರಿ 23.5 ಲಕ್ಷ ಡಾಲರ್, ನವೆಂಬರ್‌ನಲ್ಲಿ ಫಿಲಡೆಲ್ಫಿಯಾದ ಜ್ಯೂರಿ 1.1 ಕೋಟಿ ಡಾಲರ್ ಪರಿಹಾರ ಕೊಡಿಸಿತು. ಹೊರಗೆ ಸೇಫ್ಟಿ ಇಲ್ಲದ, ಸ್ಟ್ರೈಕರ್ ಬಹುತೇಕ ಪೂರ್ತಿ ಎಳೆದ ಸ್ಥಿತಿಯಲ್ಲೇ ಇರುವ ಪಿಸ್ತೂಲಿನಲ್ಲಿ ತಪ್ಪಿಗೆ ಜಾಗ ಕಡಿಮೆ ಎನ್ನುವುದು ನನಗೆ ಒಪ್ಪಿಗೆಯಾಗುವ ವಾದ. ಆದರೆ ಪ್ರತಿ ಘಟನೆಯೂ ಯಂತ್ರದ ತಪ್ಪೇ ಎನ್ನಲಾಗದು. ವಾರೆನ್ ನೆಲೆಯ ಕಥೆಯನ್ನು ಮೇಲೆ ನೋಡಿದೆವಲ್ಲ.

ಇದು ಒಂದೇ ಕಂಪನಿಯ ಕಥೆಯೂ ಅಲ್ಲ. 2013ರಲ್ಲಿ ಅಯೋವಾ ರಾಜ್ಯದ ಒಬ್ಬ ಪೊಲೀಸ್ ಅಧಿಕಾರಿ ಆರೋಪಿಯನ್ನು ಅಟ್ಟಿಸಿಕೊಂಡು ಓಡುವಾಗ ಸೊಂಟದಿಂದ ಟಾರಸ್ ಪಿಸ್ತೂಲು ಜಾರಿ ಬಿತ್ತು. ಬಿದ್ದ ರಭಸಕ್ಕೆ ಗುಂಡು ಹಾರಿ ನಿಂತಿದ್ದ ಕಾರಿಗೆ ತಗಲಿತು. ಪುಣ್ಯಕ್ಕೆ ಕಾರಿಗೆ. ಅಲ್ಲಿಂದ ಶುರುವಾದ ದಾವೆ ಒಂಬತ್ತು ಮಾದರಿಗಳ ಸುಮಾರು 10 ಲಕ್ಷ ಪಿಸ್ತೂಲುಗಳವರೆಗೆ ಬೆಳೆಯಿತು. ಬ್ರೆಜಿಲ್‌ನ ಆ ಕಂಪನಿ ತಪ್ಪು ಒಪ್ಪದೆಯೇ ರಾಜಿಗೆ ಬಂತು.

ನೇರವಾಗಿ ನಡೆದುಕೊಂಡವರೂ ಇದ್ದಾರೆ. ರುಗರ್ 2008ರಲ್ಲಿ ಎಸ್‌ಆರ್9 ಅನ್ನು, 2017ರಲ್ಲಿ ಮಾರ್ಕ್ 4 ಅನ್ನು ವಾಪಸ್ ಕರೆಯಿತು. ತನ್ನ ಹಳೆಯ ರಿವಾಲ್ವರುಗಳಿಗೆ ಟ್ರಾನ್ಸ್‌ಫರ್ ಬಾರ್ ಎಂಬ ರಕ್ಷಣೆಯನ್ನು 1982ರಿಂದ ಪುಕ್ಕಟೆ ಹಾಕಿಕೊಡುತ್ತಾ ಬಂದಿದೆ. ಸ್ಪ್ರಿಂಗ್‌ಫೀಲ್ಡ್ ಆರ್ಮರಿ 2013ರಲ್ಲಿ ಎಕ್ಸ್‌ಡಿ-ಎಸ್, ಸ್ಮಿತ್ ಅಂಡ್ ವೆಸ್ಸನ್ 2020ರಲ್ಲಿ ಶೀಲ್ಡ್ ಇಝೆಡ್ ವಾಪಸ್ ಕರೆದವು. ರೀಕಾಲ್ ಮಾಡಿದ ಕಂಪನಿಯನ್ನು ಕಂಡರೆ ಜನ ಹೆದರುತ್ತಾರೆ. ನನಗೆ ಉಲ್ಟಾ ಅನ್ನಿಸುತ್ತದೆ. ಒಂದೂ ರೀಕಾಲ್ ಮಾಡದ ಕಂಪನಿ ಒಂದೂ ತಪ್ಪು ಮಾಡಿಲ್ಲ ಎಂದು ನಂಬುವುದು ಕಷ್ಟ.

ಇವೆಲ್ಲವೂ ಕಂಪನಿಗಳು ತಾವಾಗಿ ಮಾಡಿದ್ದು. ಬಲವಂತ ಮಾಡುವವರು ಯಾರೂ ಇಲ್ಲ. 1972ರಲ್ಲಿ ಅಮೆರಿಕದಲ್ಲಿ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಹುಟ್ಟಿತು. ತೊಟ್ಟಿಲು, ಆಟಿಕೆ, ಟೋಸ್ಟರ್ ಎಲ್ಲ ಅದರ ಕೈಕೆಳಗೆ ಬಂದವು. ಬಂದೂಕನ್ನು ಕಾನೂನೇ ಹೊರಗಿಟ್ಟಿತು. ಮಕ್ಕಳ ನೀರು ಪಿಸ್ತೂಲನ್ನು ಆಯೋಗ ವಾಪಸ್ ತರಿಸಬಹುದು, ನಿಜವಾದದ್ದನ್ನು ತರಿಸಲಾಗದು. 2005ರ ಫೆಡರಲ್ ಕಾನೂನು ಬಂದೂಕು ಕಂಪನಿಗಳಿಗೆ ದಾವೆಗಳಿಂದ ದೊಡ್ಡ ರಕ್ಷಣೆ ಕೊಟ್ಟರೂ ದೋಷದ ದಾವೆಗೆ ಒಂದು ಬಾಗಿಲು ತೆರೆದಿಟ್ಟಿತು. ಆ ಬಾಗಿಲನ್ನೂ ನ್ಯೂ ಹ್ಯಾಂಪ್‌ಶೈರ್ 2025ರಲ್ಲಿ ಸ್ವಲ್ಪ ಮುಚ್ಚಿತು. ಹೊರಗಿನ ಸೇಫ್ಟಿ ಇಲ್ಲ ಎಂಬ ಕಾರಣಕ್ಕೆ ದೋಷದ ದಾವೆ ಹೂಡುವಂತಿಲ್ಲ ಎಂದು ಕಾನೂನು ಮಾಡಿತು. ಸಿಗ್ ಸಾವರ್ ಕಂಪನಿಯ ಅಮೆರಿಕದ ಮುಖ್ಯ ಕಚೇರಿ ಇರುವುದು ಅದೇ ರಾಜ್ಯದಲ್ಲಿ.

ಅಂಗಡಿಯಲ್ಲಿ ಮಾರಬಹುದಾದ ಪಿಸ್ತೂಲುಗಳದ್ದೇ ಒಂದು ಪಟ್ಟಿಯನ್ನು ಕ್ಯಾಲಿಫೋರ್ನಿಯಾ ಇಟ್ಟುಕೊಂಡಿದೆ. ಪಟ್ಟಿಗೆ ಸೇರಲು ಒಂದು ಮಾದರಿಯ ಮೂರು ಪಿಸ್ತೂಲುಗಳಿಂದ ತಲಾ 600 ಗುಂಡು ಹಾರಿಸುತ್ತಾರೆ. ಮೊದಲ 20ರಲ್ಲಿ ಒಂದೂ ತಪ್ಪಬಾರದು, ಒಟ್ಟಿನಲ್ಲಿ ಆರರವರೆಗೆ ಮಾಫಿ. ಜೊತೆಗೆ ಸುಮಾರು ಒಂದು ಮೀಟರ್ ಎತ್ತರದಿಂದ ಕಾಂಕ್ರೀಟ್ ಮೇಲೆ ಬೀಳಿಸುವ ಪರೀಕ್ಷೆ. ಇಲ್ಲದ್ದಕ್ಕಿಂತ ವಾಸಿ, ಆ ಮಾತು ಬೇರೆ. ಆದರೆ 600ಕ್ಕೆ ಆರು ಅಂದರೆ ನೂರಕ್ಕೊಂದು. ಸೇನೆ ಕೇಳಿದ್ದು ಎರಡು ಸಾವಿರಕ್ಕೊಂದು. ಇಪ್ಪತ್ತು ಪಟ್ಟು ಅಂತರ! ಅದೂ ಅಲ್ಲದೆ, ಪರೀಕ್ಷೆಯಾಗುವುದು ಆ ಮೂರು ಮಾತ್ರ. ಆಮೇಲೆ ಕಾರ್ಖಾನೆಯಿಂದ ಬರುವ ಲಕ್ಷಗಳಲ್ಲ. ಬಂದೂಕು ಕೊಳ್ಳಲು ಬಂದವರ ಬಗ್ಗೆ ನಡೆಯುವ ಎಫ್‌ಬಿಐ ಹಿನ್ನೆಲೆ ತಪಾಸಣೆಗಳು 2019ರಲ್ಲಿ 2.84 ಕೋಟಿ ಇದ್ದದ್ದು 2020ರಲ್ಲಿ 3.97 ಕೋಟಿಗೆ ಹಾರಿದವು. ತಪಾಸಣೆ ಅಂದರೆ ಅಷ್ಟೂ ಮಾರಾಟವಲ್ಲ, ಆದರೂ ಬೇಡಿಕೆ ಯಾವ ಮಟ್ಟಕ್ಕಿತ್ತು ಎಂಬುದಕ್ಕೆ ಇಷ್ಟು ಸಾಕು. ತಯಾರಿಸಿದ್ದೆಲ್ಲ ಬಿಸಿಬಿಸಿಯಾಗಿ ಖರ್ಚಾಗುವಾಗ, 'ಈ ಲಾಟ್ ತಡೆಯಿರಿ' ಎನ್ನುವ ಇನ್‌ಸ್ಪೆಕ್ಟರ್ ಮಾತಿಗೆ ಬೆಲೆ ಎಷ್ಟು?

ಹೀಗಾಗಿ ಕೊಳ್ಳುವವರು ತಾವೇ ನೋಡಿಕೊಳ್ಳಬೇಕು. ಹಳೆಯ ಪಿ320 ಕಥೆಯಲ್ಲೇ ಇದು ಚೆನ್ನಾಗಿ ಕಾಣುತ್ತದೆ. ಅಪ್‌ಗ್ರೇಡ್ ಸ್ವಯಂಪ್ರೇರಿತ ಆದ್ದರಿಂದ, ಪಿಸ್ತೂಲನ್ನು ಕಾರ್ಖಾನೆಗೆ ಕಳಿಸಿದವರದ್ದು ಬದಲಾಯಿತು, ಕಳಿಸದವರದ್ದು ಹಾಗೇ ಉಳಿಯಿತು. ಕೈಯಿಂದ ಕೈಗೆ ಮಾರಾಟವಾಗುವಾಗ ಇಂಥದ್ದೊಂದು ಅಪ್‌ಗ್ರೇಡ್ ಇತ್ತೆಂದು ಹೇಳುವವರೂ ಇಲ್ಲ. ಸೆಕೆಂಡ್‌ಹ್ಯಾಂಡ್ ಅಂಗಡಿಯ ಗಾಜಿನ ಕೆಳಗೆ ಎರಡೂ ಅಕ್ಕಪಕ್ಕ ಮಲಗಿರುತ್ತವೆ. ಅದೇ ಹೆಸರು, ಅದೇ ಬಣ್ಣ. ಬಗ್ಗಿ ನೋಡಿದರೆ ಒಂದರ ಟ್ರಿಗರ್ ಇನ್ನೊಂದರದಕ್ಕಿಂತ ಒಂಚೂರು ತೆಳ್ಳಗಿರುತ್ತದೆ.